ಅರ್ಧ ಮಿಲಿಮೀಟರ್ ಮತ್ತು ರಿಟರ್ನ್ ಟಿಕೆಟ್

‘ಮೇಡಂ, ಗುರುವಾರ ರಾತ್ರಿ ಬಂದಿಳೀತೀನಿ, ಶುಕ್ರವಾರ ಲೇಸರ್ ಮಾಡಿಸ್ಕೊಂಡು ಭಾನುವಾರ ವಾಪಸ್ ಹೊರಡಬಹುದಲ್ವಾ?’

ಮಸ್ಕತ್‌ನಿಂದ, ದೋಹಾದಿಂದ, ಡಲ್ಲಾಸ್‌ನಿಂದ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಎರಡನೆಯದು ದುಡ್ಡಿನದು. ಕಣ್ಣಿನ ವಿಚಾರ ಮೂರನೆಯದು, ಅದೂ ನಾನಾಗಿ ಕೇಳಿದರೆ.

ನಾನು ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್. ಆಪರೇಷನ್ ಮಾಡುವುದು ಡಾಕ್ಟರು. ಅವರು ‘ಮಾಡೋಣ’ ಅಥವಾ ‘ಬೇಡ’ ಎನ್ನುವ ಮೊದಲು ಕಣ್ಣನ್ನು ಅಳೆದು ಕೊಡುವುದು ನನ್ನ ಕೆಲಸ. ಗಲ್ಫ್‌ನಲ್ಲಿರುವ ಕರಾವಳಿಯವರು, ಅಮೆರಿಕದಿಂದ ರಜೆಗೆ ಬರುವ ಸಾಫ್ಟ್‌ವೇರ್ ಜನ, ನೈರೋಬಿ, ಲಾಗೋಸ್ ಕಡೆಯವರು ಎಲ್ಲರೂ ನನ್ನ ಕುರ್ಚಿಯಲ್ಲಿ ಕೂತು ಗಲ್ಲವನ್ನು ಅದೇ ಪಟ್ಟಿಯ ಮೇಲಿಡುತ್ತಾರೆ. ಅಮೆರಿಕದಲ್ಲಿ ಹೆಚ್ಚಿನ ವಿಮೆಗಳು ಕನ್ನಡಕ ಬಿಡಿಸುವ ಈ ಲೇಸರ್ ಆಪರೇಷನ್ನಿಗೆ ದುಡ್ಡು ಕೊಡುವುದಿಲ್ಲ. ಹೇಗೂ ಊರಿಗೆ ಬರುವುದಿದೆ, ಇಲ್ಲೇ ಮುಗಿಸೋಣ ಎಂಬ ಲೆಕ್ಕ. ಆ ಲೆಕ್ಕ ತಪ್ಪಲ್ಲ. ತಪ್ಪುವುದು ದಿನಗಳ ಲೆಕ್ಕ.

ಲೇಸರ್ ಓಡುವುದು ನಿಜಕ್ಕೂ ಕೆಲವೇ ಸೆಕೆಂಡು. ಒಂದು ಕಣ್ಣಿಗೆ ಹತ್ತು-ಹದಿನೈದು ನಿಮಿಷ ಎಂದರೆ ನಿಧಾನವಾಯಿತು ಎಂದೇ ಅರ್ಥ. ಈ ವೇಗ ನೋಡಿಯೇ ಜನ ಇದನ್ನು ಬ್ಯೂಟಿ ಪಾರ್ಲರ್ ಕೆಲಸದ ಸಾಲಿಗೆ ಸೇರಿಸಿಬಿಡುತ್ತಾರೆ.

ಈ ಲೇಸರ್ ಆಪರೇಷನ್ನಿನ ಹುಟ್ಟಿನಲ್ಲಿ ಮದ್ರಾಸಿನವರೊಬ್ಬರ ಕೈಯಿದೆ. ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕ್ ಸೀಮೆಯ ಐಬಿಎಂ ಪ್ರಯೋಗಾಲಯದಲ್ಲಿ ರಸಾಯನವಿಜ್ಞಾನಿಯಾಗಿದ್ದರು. 1981ರ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ಒಯ್ದು, ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿ ನೋಡಿದರು. 193 ನ್ಯಾನೋಮೀಟರಿನ ಆ ಅತಿನೇರಳೆ ಕಿರಣ ಮಾಂಸವನ್ನು ಸುಡಲಿಲ್ಲ. ಅಣುಗಳ ಬೆಸುಗೆಯನ್ನಷ್ಟೇ ಕಳಚಿ ಅಚ್ಚುಕಟ್ಟಾಗಿ ಕೆತ್ತಿತು. ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಜೊತೆ ಸೇರಿ ಅದನ್ನು ಮುಂದುವರಿಸಿದರು. ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕಲ್ ಅದನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಗೆ ತಂದರು. ದಶಕದ ಕೊನೆಗೆ ಗ್ರೀಸಿನ ಕ್ರೀಟ್ ದ್ವೀಪದ ಯೊವಾನಿಸ್ ಪಲ್ಲಿಕಾರಿಸ್, ಮೇಲ್ಪದರವನ್ನು ಡಬ್ಬದ ಮುಚ್ಚಳದಂತೆ ಎತ್ತಿ, ಒಳಗೆ ಲೇಸರ್ ಮಾಡಿ, ಮತ್ತೆ ಮುಚ್ಚುವ ಲ್ಯಾಸಿಕ್ ವಿಧಾನ ಕೊಟ್ಟರು.

ಇನ್ನು ನನ್ನ ಕಸುಬಿನ ಗಣಿತ. ಕಾರ್ನಿಯಾದ ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. 540 ಮೈಕ್ರಾನ್ ಎಂದಿಟ್ಟುಕೊಳ್ಳಿ. ಮುಚ್ಚಳಕ್ಕೆ 110 ಹೋಯಿತು. ಒಂದು ಪವರ್ ಇಳಿಸಲು 15ರಷ್ಟು ಸವೆಸಬೇಕು. ಮೈನಸ್ 6 ಇದ್ದರೆ 90. ಉಳಿದದ್ದು 340, ನಿಶ್ಚಿಂತೆ. ಅದೇ ಇನ್ನೊಬ್ಬರ ಕಾರ್ನಿಯಾ 480, ಪವರ್ ಮೈನಸ್ 8 ಅನ್ನಿ. ಉಳಿಯುವುದು 250. ಅದು ಬಹುಕಾಲದಿಂದ ಎಲ್ಲರೂ ಒಪ್ಪಿದ ಕನಿಷ್ಠ ಮಿತಿ. ಈಗ ಅನೇಕ ಸರ್ಜನ್‌ಗಳು 300ಕ್ಕಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಸವೆಸಿದ್ದನ್ನು ಮತ್ತೆ ಅಂಟಿಸಲಾಗದು, ಕಣ್ಣೊಳಗಿನ ಒತ್ತಡಕ್ಕೆ ತೆಳು ಗೋಡೆ ಉಬ್ಬುತ್ತಾ ಹೋಗಬಹುದು.

ಈ ಲೆಕ್ಕಕ್ಕೆ ಕೈಹಾಕುವ ಮುನ್ನವೇ ಬರುವ ಮೊದಲ ತಕರಾರು ಕಾಂಟ್ಯಾಕ್ಟ್ ಲೆನ್ಸಿನದು. ವಿಮಾನ ಇಳಿಯುವವರೆಗೂ ಲೆನ್ಸ್ ಹಾಕಿಕೊಂಡೇ ಬರುತ್ತಾರೆ. ಲೆನ್ಸ್ ಕಾರ್ನಿಯಾದ ಆಕಾರವನ್ನು ತುಸು ಒತ್ತಿಟ್ಟಿರುತ್ತದೆ, ಅಳತೆ ಸುಳ್ಳು ಬರುತ್ತದೆ. ಮೆದು ಲೆನ್ಸಾದರೆ ಒಂದೆರಡು ವಾರ, ಗಟ್ಟಿ ಲೆನ್ಸಾದರೆ ಮೂರು ನಾಲ್ಕು ವಾರ ಬಿಟ್ಟಿರಬೇಕು. ಇದನ್ನು ಅಲ್ಲಿಂದಲೇ ಮಾಡಿಕೊಂಡು ಬರಬಹುದು, ಖರ್ಚಿಲ್ಲ. ಆದರೂ ಹೇಳಿಸಿಕೊಂಡವರಲ್ಲಿ ಅರ್ಧ ಜನ ಕೇಳುವುದಿಲ್ಲ.

ಗಲ್ಫ್‌ನಿಂದ ಬಂದಿದ್ದ ಕರಾವಳಿಯ ಹುಡುಗನೊಬ್ಬನ ಟೊಪಾಗ್ರಫಿ ತೆಗೆಯುತ್ತಿದ್ದೆ. ‘ರೆಪ್ಪೆ ಬಡೀಬೇಡಿ, ನೀಲಿ ದೀಪ ನೋಡ್ತಾ ಇರಿ’ ಎಂದೆ. ಪರದೆಯ ಮೇಲೆ ಕಾರ್ನಿಯಾದ ನಕಾಶೆ ಮೂಡಿತು. ಸಾಮಾನ್ಯ ಕಣ್ಣಿನದು ಹೆಚ್ಚಾಗಿ ಹಸಿರು, ಅಲ್ಲಲ್ಲಿ ಹಳದಿ. ಇವನದರಲ್ಲಿ ನಡುವಿನಿಂದ ಕೆಳಗೆ ಕಡುಕೆಂಪು ಮಚ್ಚೆ. ಅಲ್ಲಿ ಪದರ ತೆಳುವಾಗಿ, ಮೊನೆಯಾಗಿ ಮುಂದೆ ಬರುತ್ತಿತ್ತು. ಕೆರಟೊಕೋನಸ್ ಎಂದು ಡಾಕ್ಟರು ಹೇಳಲಿರುವುದು ನನಗಾಗಲೇ ಗೊತ್ತಿತ್ತು.

‘ಕಣ್ಣು ತುರಿಸುತ್ತದಾ?’

‘ಅಲ್ಲಿ ಧೂಳು ಜಾಸ್ತಿ ಮೇಡಂ. ಉಜ್ಜದೆ ಇರ್ಲಿಕ್ಕೇ ಆಗುವುದಿಲ್ಲ.’

ಅಲರ್ಜಿಗೆ ಕಣ್ಣು ತಿಕ್ಕಿಕೊಳ್ಳುವ ಚಟಕ್ಕೂ ಈ ರೋಗಕ್ಕೂ ನಂಟಿದೆ. ಅರಬ್ ದೇಶಗಳಲ್ಲೂ ನಮ್ಮಲ್ಲೂ ಇದು ಅಪರೂಪವೇನಲ್ಲ. ಇಂಥ ಕಣ್ಣಿಗೆ ಲ್ಯಾಸಿಕ್ ಮಾಡಿದರೆ ಇರುವ ದೃಷ್ಟಿಯೂ ಕೆಡುತ್ತದೆ. ಬದಲಿಗೆ ವಿಟಮಿನ್ ಬಿ-2ರ ಹನಿ ಬಿಟ್ಟು, ಅತಿನೇರಳೆ ಬೆಳಕು ಕೊಟ್ಟು ಕಾರ್ನಿಯಾವನ್ನು ಬಿಗಿಗೊಳಿಸುವ ಕ್ರಾಸ್‌ಲಿಂಕಿಂಗ್ ಮಾಡುತ್ತಾರೆ. ಕನ್ನಡಕ ಹೋಗುವುದಿಲ್ಲ, ರೋಗ ಮುಂದುವರಿಯುವುದು ಹೆಚ್ಚಿನವರಲ್ಲಿ ನಿಲ್ಲುತ್ತದೆ. ಹುಡುಗನ ಮಾವನಿಗೆ ಇದು ಒಪ್ಪಿಗೆಯಾಗಲಿಲ್ಲ. ‘ಬೇರೆ ಕಡೆ ಮಾಡ್ತಾರಂತೆ’ ಎಂದರು. ಮಾಡುವವರು ಸಿಗುತ್ತಾರೆ, ಅದೇ ಭಯ.

ಪಾಪೆ ಹಿಗ್ಗಿಸಿ ರೆಟಿನಾ ನೋಡಿದಾಗ ಇನ್ನೊಂದು ಅಡ್ಡಿ ಸಿಗಬಹುದು. ಹೆಚ್ಚು ಮೈನಸ್ ಪವರ್ ಇರುವ ಕಣ್ಣು ಉದ್ದವಾಗಿ ಹಿಗ್ಗಿರುತ್ತದೆ. ಅಂಚಿನಲ್ಲಿ ರೆಟಿನಾ ತೆಳುವಾಗಿ ತೂತು ಬಿದ್ದಿರಬಹುದು. ಅದಕ್ಕೆ ಮೊದಲು ಬೇರೆ ಲೇಸರ್ ಹಾಕಿ ಕಾಯಬೇಕು. ರೆಟಿನಾ ಕಳಚಿಯೇ ಹೋಗಿ ಆಪರೇಷನ್ ಆಗಿ, ಕಣ್ಣೊಳಗೆ ಅನಿಲದ ಗುಳ್ಳೆ ಬಿಟ್ಟಿದ್ದರಂತೂ ವಿಮಾನದ ಮಾತೇ ಇಲ್ಲ. ಮೇಲೆ ಹೋದಂತೆ ಕ್ಯಾಬಿನ್ನಿನ ಒತ್ತಡ ಇಳಿದು ಗುಳ್ಳೆ ಹಿಗ್ಗಿ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಅನಿಲದ ಬಗೆ ನೋಡಿಕೊಂಡು ಎರಡು ವಾರದಿಂದ ಎರಡು ತಿಂಗಳವರೆಗೆ ನೆಲದ ಮೇಲಿರಬೇಕು. ಅಂಥವರು ಘಾಟಿ ಹತ್ತುವುದಕ್ಕೂ ಡಾಕ್ಟರನ್ನು ಕೇಳಬೇಕು.

ಲ್ಯಾಸಿಕ್‌ಗೆ ಆ ಭಯವಿಲ್ಲ. ಡಾಕ್ಟರು ಒಪ್ಪಿದರೆ ಒಂದೆರಡು ದಿನದಲ್ಲಿ ಹಾರಬಹುದು. ಆದರೆ ಮರುದಿನದ ತಪಾಸಣೆ ತಪ್ಪಿಸುವಂತಿಲ್ಲ. ಮುಚ್ಚಳದ ಮಡಿಕೆ, ಅದರಡಿಯ ಉರಿಯೂತ, ಸೋಂಕು ಮೊದಲ ದಿನಗಳಲ್ಲೇ ಗೊತ್ತಾಗುವಂಥವು. ವಾರದ ತಪಾಸಣೆಯೂ ಮುಗಿದ ಮೇಲೆ ಟಿಕೆಟ್ ಮಾಡಿ ಎಂದೇ ನನ್ನ ಸಲಹೆ. ಕಾರ್ನಿಯಾದ ನರಗಳು ತುಂಡಾಗಿರುವುದರಿಂದ ಕೆಲವು ತಿಂಗಳು ಕಣ್ಣೀರು ಕಡಿಮೆ. ವಿಮಾನದ ಒಣಗಾಳಿ, ಆಮೇಲೆ ಗಲ್ಫ್‌ನ ಎಸಿ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಡ್ರಾಪ್ಸ್ ಕೈಚೀಲದಲ್ಲಿರಲಿ, ಲಗೇಜಿನಲ್ಲಲ್ಲ. ಕೆಲವು ವಾರ ಈಜು ಬೇಡ, ಕಾಡಿಗೆಯೂ ಬೇಡ.

ಮುಚ್ಚಳವೇ ಇಲ್ಲದ ಸ್ಮೈಲ್ ವಿಧಾನದಲ್ಲಿ ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳು ಸಾಕು. ತೆಳು ಕಾರ್ನಿಯಾದವರಿಗೆ, ಮುಚ್ಚಳ ಎತ್ತದೆ ಹೊರಮೈಯಲ್ಲೇ ಲೇಸರ್ ಹಾಯಿಸುವ ಹಳೆಯ ಪಿಆರ್‌ಕೆ ಒಗ್ಗುತ್ತದೆ. ಆದರೆ ಅದರಲ್ಲಿ ನಾಲ್ಕೈದು ದಿನ ಉರಿ, ಬ್ಯಾಂಡೇಜ್ ಲೆನ್ಸ್, ಬಳಿಕ ವಾರಗಟ್ಟಲೆ ಸ್ಟಿರಾಯ್ಡ್ ಡ್ರಾಪ್ಸ್. ಸ್ಟಿರಾಯ್ಡ್ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ಅದನ್ನು ಅಳೆಯುವ ವೈದ್ಯರು ನೀವಿರುವ ಊರಲ್ಲಿ ಬೇಕು. ‘ವರ್ಷದೊಳಗೆ ಪವರ್ ಉಳಿದರೆ ಮತ್ತೊಮ್ಮೆ ಉಚಿತ’ ಎಂಬ ಜಾಹೀರಾತು ಡಲ್ಲಾಸ್‌ನಲ್ಲಿರುವವರಿಗೆ ಏನು ಪ್ರಯೋಜನ?

ಆಪರೇಷನ್ ಎಲ್ಲಾಯಿತು ಎನ್ನುವುದಕ್ಕಿಂತ ಆಮೇಲೆ ಆ ಕಣ್ಣು ಎಲ್ಲಿ ಬಾಳಬೇಕು ಎಂಬುದು ದೊಡ್ಡದು. ಅದಕ್ಕೊಂದು ಹಳೆಯ ಉದಾಹರಣೆಯಿದೆ. ಲೇಸರ್‌ಗೆ ಮುಂಚೆ, ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೋದೊರೋವ್ ಕಾರ್ನಿಯಾದಲ್ಲಿ ಚಕ್ರದ ಅರೆಗಳಂತೆ ಗೀರು ಹಾಕುವ ಆಪರೇಷನ್ನನ್ನು ಪ್ರಸಿದ್ಧಗೊಳಿಸಿದ್ದರು. ಅಂಥ ಆಪರೇಷನ್ ಆಗಿದ್ದ ಟೆಕ್ಸಾಸಿನ ವೈದ್ಯ ಬೆಕ್ ವೆದರ್ಸ್ 1996ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತುವಾಗ, ಎತ್ತರದಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ನಿಯಾ ಆಕಾರ ಬದಲಿಸಿ ನೋಟ ಮಸುಕಾಯಿತು. ಮುಂದೆ ಹೋಗಲಾಗದೆ ಕಾಯುತ್ತಾ ಉಳಿದು ಹಿಮಬಿರುಗಾಳಿಗೆ ಸಿಕ್ಕಿದರು. ಜೀವ ಉಳಿಯಿತು, ಬಲಗೈ ಹೋಯಿತು. ಊರಲ್ಲಿರುವಾಗ ಸರಿಯಾಗಿದ್ದ ಕಣ್ಣು ಅದು.

ನಲವತ್ತು ದಾಟಿದವರಿಗೆ ಒಂದು ಮಾತು: ದೂರದ ಕನ್ನಡಕ ಹೋದರೂ ಪೇಪರ್ ಓದಲು ಚಾಳೀಸು ಬೇಕೇ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಜಗಳ.

ಕೊನೆಗೆ ನಾನು ಒಂದು ಹಾಳೆ ಕೊಡುತ್ತೇನೆ. ಆಪರೇಷನ್ನಿಗೆ ಮುಂಚಿನ ಪವರ್, ಕಾರ್ನಿಯಾದ ದಪ್ಪ, ಅದರ ಬಾಗು. ಅರವತ್ತರ ಮೇಲೆ ಕಣ್ಣಿಗೆ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕಹಾಕುವುದು ಕಾರ್ನಿಯಾದ ಬಾಗು ನೋಡಿ. ಲೇಸರ್ ಆದ ಕಣ್ಣಿನಲ್ಲಿ ಆ ಲೆಕ್ಕ ಜಾರುತ್ತದೆ, ಹಳೆಯ ಅಂಕಿಗಳಿದ್ದರೆ ಡಾಕ್ಟರಿಗೆ ಆಸರೆ. ಹುಡುಗರು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹಾಳೆಯನ್ನು ಟೇಬಲ್ಲಿನ ಮೇಲೇ ಬಿಟ್ಟು ಹೋಗುತ್ತಾರೆ. ಅದಕ್ಕೇ ಎರಡು ಪ್ರತಿ ತೆಗೆದು, ಒಂದನ್ನು ಜೊತೆಗೆ ಬಂದ ಅಪ್ಪ-ಅಮ್ಮನ ಕೈಗೆ ಕೊಟ್ಟು, ಮನೆಪತ್ರಗಳ ಜೊತೆ ಇಟ್ಟಿರಿ ಎನ್ನುತ್ತೇನೆ.