ಮಿದುಳಿನ ಧಮನಿಯಲ್ಲೊಂದು ಗುಳ್ಳೆ

ಹಳೆಯ ಸೈಕಲ್ ಟ್ಯೂಬಿಗೆ ಗಾಳಿ ತುಂಬುವಾಗ ಅದರ ಒಂದು ಭಾಗ ಮಾತ್ರ ಗುಳ್ಳೆಯಂತೆ ಉಬ್ಬಿ ನಿಲ್ಲುವುದನ್ನು ನೋಡದವರು ವಿರಳ. ಗಾಳಿಯ ಒತ್ತಡವು ಟ್ಯೂಬಿನ ಒಳಗೆಲ್ಲ ಒಂದೇ. ಆದರೆ ರಬ್ಬರು ಎಲ್ಲಿ ಸವೆದು ತೆಳುವಾಗಿದೆಯೋ ಅಲ್ಲಿ ಅದು ಒತ್ತಡಕ್ಕೆ ಸೋತು ಹೊರಕ್ಕೆ ಉಬ್ಬುತ್ತದೆ. ನಮ್ಮ ಮಿದುಳಿಗೆ ರಕ್ತವನ್ನು ಒಯ್ಯುವ ಧಮನಿಗಳಲ್ಲಿಯೂ ಇಂಥ ಗುಳ್ಳೆಗಳು ಮೂಡುವುದುಂಟು. ವೈದ್ಯರು ಇದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ನಾವು ಇಲ್ಲಿ ಧಮನಿಗುಳ್ಳೆ ಎನ್ನೋಣ. ವಯಸ್ಕರಲ್ಲಿ ನೂರಕ್ಕೆ ಸುಮಾರು ೩ ಮಂದಿಯ ತಲೆಯೊಳಗೆ ಇಂಥದೊಂದು ಗುಳ್ಳೆ ಇರುತ್ತದೆ. ಅವರಲ್ಲಿ ಬಹುಮಂದಿ ಅದರ ಸುಳಿವೇ ಇಲ್ಲದೆ ತುಂಬು ಬಾಳನ್ನು ಬಾಳಿ, ಬೇರಾವುದೋ ಕಾರಣದಿಂದ ಕಾಲವಾಗುತ್ತಾರೆ. ಆದರೆ ಗುಳ್ಳೆಯು ಒಡೆಯಿತೆಂದರೆ, ಮಿದುಳನ್ನು ಹೊದೆದಿರುವ ಪೊರೆಗಳ ನಡುವೆ ರಕ್ತವು ನುಗ್ಗುತ್ತದೆ. ಅಂಥ ಆಘಾತಕ್ಕೆ ಒಳಗಾದವರಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಜನ ಬದುಕಿ ಉಳಿಯುವುದಿಲ್ಲ.

ಒಡೆದ ಗುಳ್ಳೆಯ ಭೀಕರತೆಯನ್ನು ಎಲ್ಲರೂ ಬಲ್ಲರು. ಒಡೆಯದೆ ಇರುವ ಗುಳ್ಳೆಯ ವಿಷಯವೇನು? ಅದು ಇರುವಷ್ಟು ಕಾಲ ಮಿದುಳಿನ ರಚನೆಯಾಗಲಿ, ಮನುಷ್ಯನ ನೆನಪು, ಗಮನ, ವಿವೇಚನೆಗಳಾಗಲಿ ಏನೂ ಮಾರ್ಪಡದೆ ಉಳಿಯುವುವೇ? ಈ ಪ್ರಶ್ನೆಯನ್ನು ಬಿಡಿಸಬೇಕಾದರೆ ಮೊದಲು ಗುಳ್ಳೆ ಏಳುವ ಬಗೆಯನ್ನು ಅರಿಯಬೇಕು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ೨ ಪಾಲು ಮಾತ್ರ. ಆದರೂ ಹೃದಯವು ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು ೧೫ ಪಾಲು ಅದಕ್ಕೇ ಸಲ್ಲಬೇಕು. ಈ ರಕ್ತವು ಕತ್ತಿನ ಮುಂಭಾಗದ ಎರಡು ಮತ್ತು ಹಿಂಭಾಗದ ಎರಡು ಧಮನಿಗಳ ಮೂಲಕ ತಲೆಗೇರುತ್ತದೆ. ಮಿದುಳಿನ ತಳದಲ್ಲಿ ಈ ಧಮನಿಗಳು ಒಂದನ್ನೊಂದು ಕೂಡಿ ಉಂಗುರದಂಥ ಒಂದು ಜಾಲವನ್ನು ರಚಿಸುತ್ತವೆ. ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯನು ೧೬೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದುದರಿಂದ ಇದಕ್ಕೆ ವಿಲಿಸನ ವೃತ್ತವೆಂದು ಹೆಸರಾಯಿತು. ಧಮನಿಗುಳ್ಳೆಗಳು ಹೆಚ್ಚಾಗಿ ಏಳುವುದು ಈ ವೃತ್ತದಲ್ಲಿಯೇ, ಅದರಲ್ಲಿಯೂ ಧಮನಿಗಳು ಕವಲೊಡೆಯುವ ಮೂಲೆಗಳಲ್ಲಿ. ಕಾಲುವೆಯು ಎರಡಾಗಿ ಸೀಳುವ ಕಡೆ ನೀರಿನ ರಭಸವೆಲ್ಲ ನಡುವಣ ಏರಿಗೆ ಬಡಿದು ಮಣ್ಣನ್ನು ಕೊರೆಯುವುದಿಲ್ಲವೇ? ಹಾಗೆಯೇ ಇಲ್ಲಿಯೂ ರಕ್ತದ ಹರಿವು ಕವಲಿನ ಗೋಡೆಗೆ ಎಡೆಬಿಡದೆ ಬಡಿಯುತ್ತದೆ. ತಲೆಯೊಳಗಿನ ಧಮನಿಗಳ ಗೋಡೆಯಾದರೋ ದೇಹದ ಬೇರೆಡೆಯ ಧಮನಿಗಳಿಗಿಂತ ತೆಳುವಾದುದು. ಅವುಗಳಿಗಿರುವ ಹೊರಗಿನ ಸ್ಥಿತಿಸ್ಥಾಪಕ ಪದರವು ಇವುಗಳಿಗೆ ಇಲ್ಲ. ರಕ್ತದ ಏರೊತ್ತಡ ಮತ್ತು ಧೂಮಪಾನಗಳು ಈ ದುರ್ಬಲ ಗೋಡೆಯನ್ನು ಇನ್ನಷ್ಟು ಕೆಡಿಸುತ್ತವೆ. ಕೆಲವು ಮನೆತನಗಳಲ್ಲಿ ಈ ದೌರ್ಬಲ್ಯವು ವಂಶಪಾರಂಪರ್ಯವಾಗಿಯೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಗುಳ್ಳೆ ಎದ್ದ ಬಳಿಕ ಏನಾಗುವುದೆಂಬುದನ್ನು ತಿಳಿಯಲು ಭೌತಶಾಸ್ತ್ರದ ಒಂದು ಸರಳ ನಿಯಮವು ನೆರವಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನ ಈ ನಿಯಮದಂತೆ, ಗೋಲಾಕಾರದ ಚೀಲದ ಗೋಡೆಯಲ್ಲಿನ ಎಳೆತವು ಒಳಗಿನ ಒತ್ತಡ ಮತ್ತು ಚೀಲದ ತ್ರಿಜ್ಯಗಳ ಗುಣಲಬ್ಧದ ಅರ್ಧದಷ್ಟಿರುತ್ತದೆ. ಒತ್ತಡವು ಒಂದೇ ಆಗಿದ್ದರೂ ತ್ರಿಜ್ಯವು ಎರಡರಷ್ಟಾದರೆ ಎಳೆತವೂ ಎರಡರಷ್ಟಾಗುತ್ತದೆ. ಇಷ್ಟೇ ಅಲ್ಲ: ಅದೇ ಗೋಡೆಯು ಹಿಗ್ಗಿ ದೊಡ್ಡದಾದುದಾದರೆ ಅದರ ದಪ್ಪವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆಗ ಗೋಡೆಯ ಪ್ರತಿ ಚದರ ಮಿಲಿಮೀಟರು ಹೊರಬೇಕಾದ ಭಾರವು ಎಂಟರಷ್ಟಾಗುತ್ತದೆ! ಹಾಗಾದರೆ ಎಲ್ಲ ಗುಳ್ಳೆಗಳೂ ಬೆಳೆಬೆಳೆದು ಒಡೆಯಬೇಕಾಗಿತ್ತಲ್ಲ ಎಂದು ವಾಚಕರು ಕೇಳಬಹುದು. ಧಮನಿಯ ಗೋಡೆ ರಬ್ಬರಿನಂತೆ ಜಡವಲ್ಲ, ಅದು ಸಜೀವವಾದುದು. ಹೊಸ ನಾರುಗಳನ್ನು ಹೆಣೆದುಕೊಂಡು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿ ಅದಕ್ಕುಂಟು. ಸವೆತಕ್ಕೂ ರಿಪೇರಿಗೂ ಸರಿದೂಗಿದಷ್ಟು ಕಾಲ ಗುಳ್ಳೆಯು ಇದ್ದ ಹಾಗೆಯೇ ಇರುತ್ತದೆ.

ಜೀವಂತ ಮನುಷ್ಯನ ತಲೆಯೊಳಗಿನ ಧಮನಿಗಳನ್ನು ಕಾಣುವುದು ಬಹುಕಾಲ ಅಸಾಧ್ಯವಾಗಿತ್ತು. ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಎಂಬಾತನು ಎಕ್ಸ್-ಕಿರಣಗಳನ್ನು ತಡೆಯುವ ದ್ರವವನ್ನು ಧಮನಿಗೆ ಸೇರಿಸಿ ಅವುಗಳ ನೆರಳನ್ನು ಚಿತ್ರದಲ್ಲಿ ಹಿಡಿದನು. ೧೯೩೭ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿಯು ಗುಳ್ಳೆಯೊಂದರ ಕೊರಳಿಗೆ ಬೆಳ್ಳಿಯ ಕ್ಲಿಪ್ಪನ್ನು ಹಾಕಿ ಅದನ್ನು ರಕ್ತದ ಹಾದಿಯಿಂದ ಬೇರ್ಪಡಿಸಿದನು. ಈಗ ಎಂ.ಆರ್.ಐ. ಯಂತ್ರವು ದೇಹಕ್ಕೆ ಸೂಜಿಯನ್ನೂ ತಾಗಿಸದೆ ಇವುಗಳನ್ನು ತೋರಿಸಿಕೊಡುತ್ತದೆ. ದೇಹದ ನೀರಿನಲ್ಲಿರುವ ಜಲಜನಕದ ಬೀಜಗಳು ೧.೫ ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು ೬.೪ ಕೋಟಿ ಸಲ ಬುಗುರಿಯಂತೆ ಓಲಾಡುತ್ತವೆ. ಅಷ್ಟೇ ಆವರ್ತಾಂಕದ ರೇಡಿಯೋ ಅಲೆಯನ್ನು ಹಾಯಿಸಿದರೆ ಅವು ಅದನ್ನು ಹೀರಿ ಮರಳಿ ಹೊರಸೂಸುತ್ತವೆ. ಈ ಮಾರ್ನುಡಿಯಿಂದಲೇ ಚಿತ್ರವು ಮೂಡುತ್ತದೆ. ಹರಿಯುವ ರಕ್ತವು ಅದರಲ್ಲಿ ಬೆಳ್ಳಗೆ ಹೊಳೆಯುವಂತೆಯೂ ಮಾಡಬಹುದು. ತಲೆನೋವಿಗೋ ತಲೆಸುತ್ತಿಗೋ ಚಿತ್ರ ತೆಗೆಸಿಕೊಂಡವರಲ್ಲಿ ಯಾರೂ ಹುಡುಕದಿದ್ದ ಗುಳ್ಳೆಯೊಂದು ಕಾಣಿಸಿಕೊಳ್ಳುವುದು ಇಂದು ಅಪರೂಪವಲ್ಲ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಡೆಯದ ಗುಳ್ಳೆಯುಳ್ಳವರ ಮಿದುಳು ಮತ್ತು ಬುದ್ಧಿಗಳಲ್ಲಿ ವ್ಯತ್ಯಾಸ ಕಂಡುಬಂದರೆ ಅದಕ್ಕೆ ಮೂರು ಹಾದಿಗಳಿರಬಹುದು.

ಮೊದಲನೆಯದು, ನೇರವಾದ ಒತ್ತುವಿಕೆ. ತಲೆಬುರುಡೆಯು ಹಿಗ್ಗದ ಪೆಟ್ಟಿಗೆ. ಅದರೊಳಗೆ ಬೆಳೆಯುವ ವಸ್ತುವು ನೆರೆಯವರ ಜಾಗವನ್ನೇ ಕಬಳಿಸಬೇಕು. ಕಣ್ಣನ್ನು ಆಡಿಸುವ ಮೂರನೆಯ ಕಪಾಲನರವನ್ನು ಗುಳ್ಳೆಯು ಒತ್ತಿದರೆ ರೆಪ್ಪೆ ಜೋಲುತ್ತದೆ, ಪಾಪೆ ಹಿಗ್ಗುತ್ತದೆ. ಡ್ಯಾಂಡಿಯ ಬಳಿಗೆ ಬಂದ ರೋಗಿಯಲ್ಲಿ ಕೆಟ್ಟಿದ್ದುದು ಈ ನರವೇ. ೨೫ ಮಿಲಿಮೀಟರಿಗೂ ಮೀರಿದ ದೈತ್ಯ ಗುಳ್ಳೆಗಳು ಮಿದುಳಿನ ಭಾಗಗಳನ್ನೇ ಒತ್ತಿ ಬಾವು ಬರಿಸಬಲ್ಲವು. ಆದರೆ ಬಹುಪಾಲು ಗುಳ್ಳೆಗಳು ೭ ಮಿಲಿಮೀಟರಿಗಿಂತ ಚಿಕ್ಕವು. ಬುದ್ಧಿಯನ್ನು ಕುಂದಿಸುವಷ್ಟು ಒತ್ತುವ ಶಕ್ತಿ ಅವುಗಳಿಗಿಲ್ಲ.

ಎರಡನೆಯ ಹಾದಿಯು ಹೆಚ್ಚು ಸೂಕ್ಷ್ಮವಾದುದು. ಮಿದುಳಿನ ಹೊರಪದರದ ಬೂದುದ್ರವ್ಯದಲ್ಲಿ ನರಕೋಶಗಳಿವೆ. ಒಳಗಿನ ಶ್ವೇತದ್ರವ್ಯದಲ್ಲಿ ಅವುಗಳನ್ನು ಪರಸ್ಪರ ಜೋಡಿಸುವ ತಂತುಗಳಿವೆ. ಏರೊತ್ತಡ, ಧೂಮಪಾನಗಳು ದೊಡ್ಡ ಧಮನಿಯಲ್ಲಿ ಗುಳ್ಳೆ ಏಳಿಸುವಂತೆಯೇ, ಶ್ವೇತದ್ರವ್ಯಕ್ಕೆ ರಕ್ತವೀಯುವ ಕೂದಲೆಳೆಯಂಥ ನಾಳಗಳನ್ನೂ ಕೆಡಿಸುತ್ತವೆ. ಎಂ.ಆರ್.ಐ. ಚಿತ್ರದಲ್ಲಿ ಈ ಹಾನಿಯು ಬಿಳಿಯ ಮಚ್ಚೆಗಳಾಗಿ ಕಾಣುತ್ತದೆ. ಮಚ್ಚೆಗಳು ಹೆಚ್ಚಿದಂತೆ ಯೋಚನೆಯ ವೇಗವು ತಗ್ಗುತ್ತದೆ, ಒಂದೇ ವೇಳೆ ಎರಡು ಕೆಲಸಗಳನ್ನು ಸಂಭಾಳಿಸುವುದು ಕಷ್ಟವಾಗುತ್ತದೆ. ಗುಳ್ಳೆಯುಳ್ಳವರನ್ನು ಅದಿಲ್ಲದವರೊಡನೆ ಹೋಲಿಸಿದ ಕೆಲವು ಅಧ್ಯಯನಗಳಲ್ಲಿ ಗಮನ, ನೆನಪು, ಯೋಚನೆಯ ವೇಗಗಳಲ್ಲಿ ಅಲ್ಪ ನ್ಯೂನತೆ ಕಂಡುಬಂದುದುಂಟು. ಆದರೆ ಇಲ್ಲಿ ಎಚ್ಚರ ಬೇಕು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುವುದೆಂದು ನಂಬಿದ ಮುದುಕಿಯ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಗುಳ್ಳೆಯೂ ಮರೆವೂ ಒಬ್ಬನಲ್ಲಿಯೇ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗಲಾರದು. ಎರಡೂ ಏರೊತ್ತಡವೆಂಬ ಒಂದೇ ತಾಯಿಯ ಮಕ್ಕಳಾಗಿರಬಹುದು.

ಮೂರನೆಯ ಹಾದಿಯು ಮನಸ್ಸಿನದು. ತನ್ನ ತಲೆಯಲ್ಲಿ ಒಡೆಯಬಹುದಾದ ಗುಳ್ಳೆಯಿದೆಯೆಂದು ತಿಳಿದವನ ನೆಮ್ಮದಿ ಅಂದಿನಿಂದಲೇ ಕದಡುತ್ತದೆ. ಭಾರ ಎತ್ತಲು ಅಂಜಿಕೆ, ಕೆಮ್ಮಲು ಅಂಜಿಕೆ, ನಿದ್ರೆಗೂ ಅಂಜಿಕೆ. ಕಳವಳವು ಗಮನವನ್ನು ಕದಿಯುತ್ತದೆ. ಗಮನವಿಲ್ಲದ ಕಡೆ ನೆನಪು ನಿಲ್ಲದು. ಹೀಗೆ ಗುಳ್ಳೆಯು ಮಿದುಳನ್ನು ಮುಟ್ಟದೆಯೇ, ಅದರ ಸುದ್ದಿ ಮಾತ್ರದಿಂದಲೇ, ಬುದ್ಧಿಯ ಕೆಲಸವು ಕುಂಟಬಹುದು. ಇಂಥವರಿಗೆ ವೈದ್ಯರು ಬಿಡಿಸಿ ಹೇಳುವ ಮಾತೂ ಒಂದು ಔಷಧಿಯೇ ಸರಿ.

ಈ ವಿವೇಚನೆಯೆಲ್ಲ ಬರಿಯ ಕುತೂಹಲಕ್ಕಲ್ಲ. ಗುಳ್ಳೆಯನ್ನು ಮುಚ್ಚಬೇಕೋ ಕಾದು ನೋಡಬೇಕೋ ಎಂಬ ತೀರ್ಮಾನವು ಇದನ್ನು ಅವಲಂಬಿಸಿದೆ. ಬುರುಡೆಯನ್ನು ತೆರೆದು ಕ್ಲಿಪ್ಪು ಹಾಕುವುದು ಒಂದು ವಿಧಾನ. ತೊಡೆಯ ಸಂದಿನ ಧಮನಿಯಿಂದ ಸಣ್ಣ ನಳಿಕೆಯನ್ನು ತೂರಿಸಿ ಪ್ಲಾಟಿನಂ ತಂತಿಯ ಸುರುಳಿಗಳಿಂದ ಗುಳ್ಳೆಯನ್ನು ತುಂಬುವುದು ೧೯೯೦ರ ದಶಕದಿಂದ ಬಳಕೆಗೆ ಬಂದ ಮತ್ತೊಂದು ವಿಧಾನ. ಎರಡರಲ್ಲಿಯೂ ಮಿದುಳಿಗೆ ಪೆಟ್ಟಾಗುವ ಸಂಭವವುಂಟು. ೧೯೯೮ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನವು ಕೈಕಾಲುಗಳ ಬಲದೊಡನೆ ರೋಗಿಯ ಬುದ್ಧಿಶಕ್ತಿಯನ್ನೂ ಶಸ್ತ್ರಚಿಕಿತ್ಸೆಯ ಲಾಭನಷ್ಟಗಳ ಲೆಕ್ಕಕ್ಕೆ ಸೇರಿಸಿತು. ಆಗ ನಷ್ಟದ ಬಾಬು ಎಣಿಸಿದ್ದಕ್ಕಿಂತ ದೊಡ್ಡದಾಗಿ ತೋರಿತು. ಅದೇ ಅಧ್ಯಯನದ ೨೦೦೩ರ ವರದಿಯ ಪ್ರಕಾರ, ಹಿಂದೆಂದೂ ರಕ್ತಸ್ರಾವವಾಗಿರದವರಲ್ಲಿ ಮುಂಭಾಗದ ಧಮನಿಗಳ ೭ ಮಿಲಿಮೀಟರಿಗಿಂತ ಚಿಕ್ಕ ಗುಳ್ಳೆಗಳು ೫ ವರ್ಷಗಳಲ್ಲಿ ಒಂದೂ ಒಡೆಯಲಿಲ್ಲ. ೭ರಿಂದ ೧೨ ಮಿಲಿಮೀಟರಿನವು ನೂರಕ್ಕೆ ೨.೬ರಷ್ಟು ಒಡೆದುವು, ೨೫ ಮಿಲಿಮೀಟರು ಮುಟ್ಟಿದವು ನೂರಕ್ಕೆ ೪೦ರಷ್ಟು. ಹಿಂಭಾಗದ ಗುಳ್ಳೆಗಳು ಇವಕ್ಕಿಂತ ಅಪಾಯಕರ. ೨೦೧೨ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಎಲ್ಲ ಗುಳ್ಳೆಗಳನ್ನೂ ಒಟ್ಟಿಗೆ ಹಿಡಿದರೆ, ವರ್ಷಕ್ಕೆ ನೂರರಲ್ಲಿ ಸುಮಾರು ಒಂದು ಒಡೆಯಿತು. ಆದುದರಿಂದ ಗುಳ್ಳೆಯ ಗಾತ್ರ, ಸ್ಥಾನ, ರೋಗಿಯ ವಯಸ್ಸು ಇವನ್ನೆಲ್ಲ ತೂಗಿಯೇ ವೈದ್ಯರು ಸಲಹೆ ನೀಡುತ್ತಾರೆ. ಚಿಕಿತ್ಸೆಗೆ ಮೊದಲೇ ನೆನಪು, ಗಮನಗಳನ್ನು ಪರೀಕ್ಷಿಸಿ ಬರೆದಿಟ್ಟುಕೊಂಡರೆ, ಆಮೇಲೆ ಕಂಡ ಕೊರತೆಯು ಹಳೆಯದೋ ಹೊಸದೋ ಎಂಬುದು ತಿಳಿಯುತ್ತದೆ.

ಸಾಮಾನ್ಯ ವಾಚಕನು ಇದರಿಂದ ಗ್ರಹಿಸಬೇಕಾದುದು ಎರಡೇ ಮಾತು. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು, ಬೀಡಿ ಸಿಗರೇಟುಗಳನ್ನು ತ್ಯಜಿಸಿದರೆ ದೊಡ್ಡ ಧಮನಿಗೂ ಕೂದಲೆಳೆಯ ನಾಳಕ್ಕೂ ಒಟ್ಟಿಗೆ ರಕ್ಷಣೆ ದೊರೆಯುತ್ತದೆ. ಸಿಡಿಲು ಬಡಿದಂತೆ ಹಠಾತ್ತನೆ, ಹಿಂದೆಂದೂ ಕಾಣದಷ್ಟು ತೀವ್ರವಾದ ತಲೆನೋವು ಬಂದರೆ, ಅಥವಾ ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.