ಬಾನೆಟ್ಟಿನ ಕೆಳಗಿನ ಬೆಂಕಿ

ಬೆಂಕಿ ಉಂಟಾಗಬೇಕಾದರೆ ಉರಿಯುವ ವಸ್ತು, ಗಾಳಿ ಮತ್ತು ಶಾಖ ಈ ಮೂರೂ ಕೂಡಬೇಕು. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಬೆಂಕಿ ಆರುತ್ತದೆ. ಈ ಪಾಠವನ್ನು ತಾಳವಾಡಿ ಸೀಮೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಗಳಿಂದ ಹೇಳಿಕೊಡುತ್ತ ಬಂದವನು ನಾನು. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ಜ್ವಾಲೆ ನಂದುವುದನ್ನು ತೋರಿಸಿ, ಮಕ್ಕಳಿಂದ ಚಪ್ಪಾಳೆಯನ್ನೂ ಪಡೆದಿದ್ದೇನೆ. ಆದರೆ ಕಳೆದ ಬೇಸಿಗೆಯಲ್ಲಿ ನನ್ನದೇ ಕಾರಿಗೆ ಬೆಂಕಿ ತಗುಲಿದಾಗ ಆ ಪಾಠ ನನ್ನ ನೆನಪಿಗೆ ಬರಲಿಲ್ಲವೆಂಬುದನ್ನು ವಾಚಕರ ಮುಂದೆ ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಸತ್ಯಮಂಗಲದಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು, ಪತ್ನಿ ಹಾಗೂ ಆರು ವರ್ಷದ ಮೊಮ್ಮಗನೊಡನೆ ಊರಿಗೆ ಮರಳುತ್ತಿದ್ದೆ. ಬಣ್ಣಾರಿ ಅಮ್ಮನ ಗುಡಿಯಲ್ಲಿ ಕೈಮುಗಿದು ದಿಂಬಂ ಘಟ್ಟವನ್ನು ಏರತೊಡಗಿದೆವು. 27 ಕಡಿದಾದ ತಿರುವುಗಳ ಆ ಏರಿನಲ್ಲಿ ವಾಹನವು ಒಂದನೆಯ, ಎರಡನೆಯ ಗೇರಿನಲ್ಲಿಯೇ ತೆವಳಬೇಕು. ಎಂಜಿನ್ ಬಹಳವಾಗಿ ಕಾಯುತ್ತದೆ. ಅದನ್ನು ತಣಿಸುವ ಎದುರುಗಾಳಿ ಮಾತ್ರ ಕಡಿಮೆ.

"ರೀ, ಮತ್ತೆ ಪೆಟ್ರೋಲಿನ ವಾಸನೆ ಬರುತ್ತಿದೆ" ಎಂದಳು ಹಿಂದಿನ ಆಸನದಲ್ಲಿದ್ದ ಪತ್ನಿ. 'ಮತ್ತೆ' ಎಂದುದಕ್ಕೆ ಕಾರಣವಿತ್ತು. ಒಂದು ವಾರದಿಂದ ಅವಳು ಅದೇ ಮಾತನ್ನು ಹೇಳುತ್ತಲೇ ಇದ್ದಳು. "ಹಳೆಯ ಗಾಡಿ, ಅಷ್ಟು ಇರುವುದೇ" ಎಂದು ನಾನು ತಳ್ಳಿಹಾಕುತ್ತಲೇ ಇದ್ದೆ.

ಅರ್ಧ ಘಟ್ಟ ಏರುವಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಕಪ್ಪು ಹೊಗೆ ಎದ್ದಿತು. ರಸ್ತೆಯ ಎಡಬದಿಗೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ಎತ್ತಲೆಂದು ಮುಂದಕ್ಕೆ ಓಡಿದೆ. ಆಗ ಹಿಂದೆ ಬರುತ್ತಿದ್ದ ಲಾರಿಯ ಚಾಲಕ ತಮಿಳಿನಲ್ಲಿ ಕೂಗಿದ: "ಬಾನೆಟ್ ತೆರೆಯಬೇಡಿ ಸಾರ್! ಮೊದಲು ಮಗುವನ್ನು ಇಳಿಸಿ!"

ತಿರುಗಿ ನೋಡಿದೆ. ಹುಡುಗನು ಚಲಿಸುವ ಗಾಡಿಯ ಬಾಗಿಲು ತೆರೆದಾನೆಂದು ಹಿಂದಿನ ಎರಡೂ ಬಾಗಿಲುಗಳಿಗೆ ಒಳಗಿನಿಂದ ತೆರೆಯಲಾಗದ ಮಕ್ಕಳ ಬೀಗವನ್ನು ನಾನೇ ಹಾಕಿಟ್ಟಿದ್ದೆ. ಪತ್ನಿ ಗಾಜಿಗೆ ಕೈ ಬಡಿಯುತ್ತಿದ್ದಳು. ನಾನು ಎಂಜಿನ್ನಿನ ಕಡೆಗೆ ಓಡಿದ್ದೆ. ಅವರಿಬ್ಬರ ಕಡೆಗೆ ಓಡಿರಲಿಲ್ಲ. ಆ ನೋಟ ಇಂದಿಗೂ ನನ್ನ ನಿದ್ರೆಯನ್ನು ಕೆಡಿಸುತ್ತದೆ.

ಹೊರಗಿನಿಂದ ಬಾಗಿಲು ತೆರೆದು ಇಬ್ಬರನ್ನೂ ಸುಮಾರು ಮೂವತ್ತು ಮೀಟರ್ ದೂರಕ್ಕೆ ಕರೆದೊಯ್ದು ತಡೆಗೋಡೆಯ ಬಳಿ ನಿಲ್ಲಿಸಿದೆ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡು ಅದು. ರಸ್ತೆ ಬಿಟ್ಟು ಸರಿಯುವಂತಿರಲಿಲ್ಲ. ಅಷ್ಟರಲ್ಲಿ ಲಾರಿಯ ಕ್ಲೀನರ್ ಹುಡುಗ ಕಾರಿನ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ಚಾಲಕನು ಒಳಗೆ ಕೈಚಾಚಿ, ಗಾಬರಿಯಲ್ಲಿ ನಾನು ಮರೆತಿದ್ದ ಬೀಗದ ಕೈಯನ್ನು ತಿರುಗಿಸಿ ಎಂಜಿನ್ ನಿಲ್ಲಿಸಿದ. ಎಂಜಿನ್ ಓಡುವವರೆಗೂ ಪಂಪು ಬೆಂಕಿಗೆ ಪೆಟ್ರೋಲನ್ನು ಉಣಿಸುತ್ತಲೇ ಇರುತ್ತದೆ.

ಬಳಿಕ ಅವನು ಬಾನೆಟ್ಟಿನ ಸನ್ನೆಯನ್ನು ಒಳಗಿನಿಂದ ಎಳೆದ. ಮುಚ್ಚಳ ಒಂದು ಬೆರಳಿನಷ್ಟು ಮಾತ್ರ ಮೇಲೆದ್ದಿತು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು, ಅಗ್ನಿಶಾಮಕ ಸಿಲಿಂಡರಿನ ಪಿನ್ನು ಕಿತ್ತು, ಆ ಸಂದಿನಿಂದಲೇ ಪುಡಿಯನ್ನು ಸಿಡಿಸಿದ. ಸಣ್ಣ ಸಿಲಿಂಡರು ಹತ್ತು ಸೆಕೆಂಡಿನೊಳಗೆ ಬರಿದಾಗುತ್ತದೆ. ಆ ದಿನ ಅಷ್ಟೇ ಸಾಕಾಯಿತು. ಬಾನೆಟ್ಟನ್ನು ಪೂರ್ತಿ ಎತ್ತಿದ್ದರೆ ಗಾಳಿ ಒಮ್ಮೆಲೇ ನುಗ್ಗಿ ಜ್ವಾಲೆ ನನ್ನ ಮುಖಕ್ಕೇ ಹಾರುತ್ತಿತ್ತು. ನಾನು ನೀಡಿದ ನೀರಿನ ಬಾಟಲಿಯನ್ನೂ ಅವನು ಬೇಡವೆಂದ. ಪೆಟ್ರೋಲು ನೀರಿಗಿಂತ ಹಗುರ. ಅದು ನೀರಿನ ಮೇಲೆ ತೇಲಿ, ಉರಿಯುತ್ತಲೇ ಹರಡುತ್ತದೆ. ಲೋಟ ಮತ್ತು ಮೇಣದಬತ್ತಿಯ ಪಾಠವನ್ನು ಆ ಚಾಲಕ ನನಗೆ ರಸ್ತೆಯಲ್ಲಿ ನಿಂತು ಕಲಿಸಿದಂತಾಯಿತು. ಗಾಬರಿಯಲ್ಲಿ ಅವನ ಹೆಸರನ್ನು ಕೇಳಲೂ ಮರೆತೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಜ್ವಾಲೆ ಬಾನೆಟ್ಟಿನಿಂದ ಹೊರಗೆ ಚಾಚಿದ್ದರೆ ಆರಿಸುವ ಸಾಹಸ ಸಲ್ಲದು. ದೂರ ಸರಿದು 112 ಅಥವಾ 101ಕ್ಕೆ ಕರೆಮಾಡುವುದೇ ವಿವೇಕ. ಬೆಂಕಿ ಆರಿದ ಮೇಲೂ ಕಾದ ಲೋಹ ಮತ್ತೆ ಕಿಡಿ ಹಚ್ಚಬಹುದು. ಆದ್ದರಿಂದ ನಾವು ಅರ್ಧ ಗಂಟೆ ಬಾನೆಟ್ಟನ್ನು ಮುಟ್ಟಲಿಲ್ಲ, ಎಂಜಿನ್ನನ್ನು ಚಾಲೂ ಮಾಡಲೂ ಇಲ್ಲ. ಎಳೆದೊಯ್ಯುವ ಗಾಡಿಯನ್ನು ತರಿಸಿ ಕಾರನ್ನು ಸತ್ಯಮಂಗಲಕ್ಕೆ ಸಾಗಿಸಿದೆವು.

ಮೆಕ್ಯಾನಿಕ್ ತೋರಿಸಿದ್ದು ಗೇಣುದ್ದದ ಒಂದು ರಬ್ಬರ್ ಪೈಪು. ವಯಸ್ಸಾಗಿ ಬಿರುಸಾಗಿ, ಕ್ಲಿಪ್ಪಿನ ಬಳಿ ಸೀಳು ಬಿಟ್ಟಿತ್ತು. ಅಲ್ಲಿಂದ ತೊಟ್ಟಿಕ್ಕಿದ ಪೆಟ್ರೋಲು, ಹೊಗೆ ಹೊರಹೋಗುವ ಕೆಂಪಗೆ ಕಾಯುವ ಕೊಳವೆಯ ಮೇಲೆ ಬಿದ್ದಿತ್ತು. ಒಂದು ವಾರದ ವಾಸನೆಯ ಅರ್ಥ ಅದೇ ಆಗಿತ್ತು. ಆರಿಸಿದ ಪುಡಿಯೂ ಲೋಹವನ್ನು ತಿನ್ನುವಂಥದು. ಬ್ಯಾಟರಿಯ ತಂತಿ ಕಳಚಿ, ಅದನ್ನು ಬೇಗನೆ ಶುದ್ಧಿಮಾಡಿಸಬೇಕಾಯಿತು. ಸುಟ್ಟ ತಂತಿಗಳನ್ನೂ ಎಲ್ಲ ರಬ್ಬರ್ ಪೈಪುಗಳನ್ನೂ ಬದಲಿಸಿದರು.

ಖರ್ಚಿನ ಮಾತು ಬಂದಾಗ ವಿಮೆಯ ಕಾಗದ ತೆಗೆದೆ. ಹಣ ಉಳಿಸಲೆಂದು ಕಾನೂನು ಕಡ್ಡಾಯ ಮಾಡಿರುವ ಮೂರನೆಯವರ ವಿಮೆಯನ್ನಷ್ಟೇ ಮಾಡಿಸಿದ್ದೆ. ಅದು ನಮ್ಮಿಂದ ಅನ್ಯರಿಗಾಗುವ ಹಾನಿಗೆ ಮಾತ್ರ. ನಮ್ಮ ಗಾಡಿ ಸುಟ್ಟರೆ ಬಿಡಿಗಾಸೂ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು ನನ್ನ ಸ್ಥಿತಿ. ಸ್ವಂತ ಹಾನಿಯನ್ನೂ ಒಳಗೊಂಡ ವಿಮೆ ಇರುವವರು ಕೂಡಲೇ ಕಂಪನಿಗೆ ತಿಳಿಸಿ, ಚಿತ್ರಗಳನ್ನು ತೆಗೆದಿಟ್ಟು, ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಬಿಚ್ಚಿಸದಿರಬೇಕು. ಆಗಲೂ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೂ ಬ್ಯಾಟರಿಗೂ ಅರ್ಧ ಬೆಲೆಯನ್ನು ಸವಕಳಿಯೆಂದು ಕಳೆಯುತ್ತಾರೆ. ನಮ್ಮಲ್ಲಿ ಪಾಲಿಸಿ ಇಂಗ್ಲಿಷಿನಲ್ಲಿ, ಠಾಣೆಯ ಕಾಗದ ತಮಿಳಿನಲ್ಲಿ ಇರುತ್ತದೆ; ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಮೊದಲೇ ಓದಿ ಹೇಳುವುದು ಒಳ್ಳೆಯದು.

ಕಾರು ಈಗ ಓಡುತ್ತಿದೆ. ಚಾಲಕನ ಆಸನದ ಕೆಳಗೆ, ಕೈಗೆಟಕುವಂತೆ ಕೆಂಪು ಸಿಲಿಂಡರೊಂದಿದೆ. ಎರಡು ತಿಂಗಳು ಕಾರು ಹತ್ತಲೊಪ್ಪದಿದ್ದ ಮೊಮ್ಮಗ ಈಗ ಹತ್ತುತ್ತಾನೆ. ಆದರೆ ಮೊದಲು ಮೂಗೆಳೆದು, "ತಾತ, ವಾಸನೆ ಇಲ್ಲ, ಹೋಗೋಣ" ಎಂದು ಅಪ್ಪಣೆ ಕೊಡುತ್ತಾನೆ.

ಶಾಲೆಯಲ್ಲಿ ಲೋಟ ಕವುಚಿದ ಬಳಿಕ ನಾನೀಗ ಮಕ್ಕಳನ್ನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಬೆಂಕಿ ಕಂಡ ಕೂಡಲೇ ಮೊದಲು ಮಾಡಬೇಕಾದುದೇನು? "ಒಳಗಿರುವವರನ್ನು ಹೊರಗೆ ಕರೆತರಬೇಕು ಸಾರ್" ಎಂದು ತರಗತಿಯೆಲ್ಲ ಒಟ್ಟಾಗಿ ಹೇಳುತ್ತದೆ. ಅದನ್ನು ದಿನವೂ ಕೇಳಬೇಕಾದವನು ನಾನೇ.