ವಿಳಾಸಪಟ್ಟಿಯ ಉದ್ಯಮ

ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿದ ತರುಣರೊಬ್ಬರು ಕೆಲವು ದಿನಗಳ ಹಿಂದೆ ನಮ್ಮ ಕಚೇರಿಗೆ ಬಂದರು. ಪಟ್ಟಣದ ಅಂಗಡಿ, ಆಸ್ಪತ್ರೆ, ವಕೀಲರು, ಕಸಬುದಾರರು ಇವರೆಲ್ಲರ ವಿಳಾಸಗಳನ್ನೊಳಗೊಂಡ ಒಂದು ವೆಬ್ ಡೈರೆಕ್ಟರಿಯನ್ನು ಸ್ಥಾಪಿಸಲು ತಾವು ಉದ್ಯುಕ್ತರಾಗಿರುವುದಾಗಿಯೂ, ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ತಾವೇ ರಚಿಸಿರುವುದಾಗಿಯೂ, ಕ್ರಮೇಣ ಅದನ್ನು ಬೇರೆ ಊರುಗಳವರಿಗೂ ಮಾರುವ ಉದ್ದೇಶವುಂಟೆಂದೂ ತಿಳಿಸಿ ನಮ್ಮ ಅಭಿಪ್ರಾಯವನ್ನು ಕೇಳಿದರು. ಪತ್ರಿಕೆಯವರಿಗೆ ಈ ವಿಷಯದಲ್ಲೇನು ತಿಳಿದೀತೆಂದು ವಾಚಕರು ನಕ್ಕರೆ ನಕ್ಕಾರು. ಆದರೆ ಸಮಾಚಾರವನ್ನೂ ಜಾಹೀರಾತನ್ನೂ ಒಂದೇ ಹಾಳೆಯ ಮೇಲೆ ಅಚ್ಚುಹಾಕಿ, ಎರಡರ ನಡುವೆ ಒಂದು ಗೆರೆಯನ್ನೆಳೆದು, ಆ ಗೆರೆಯನ್ನು ಕಾಯುತ್ತ ಹೊಟ್ಟೆಹೊರೆಯುವವರು ನಾವು. ಡೈರೆಕ್ಟರಿಯವನ ಕಷ್ಟವೂ ಆ ಗೆರೆಯ ಕಷ್ಟವೇ ಆಗಿರುತ್ತದೆ.

ಈ ಉದ್ಯಮದ ಪೂರ್ವಚರಿತ್ರೆಯು ದೀರ್ಘವಾದುದಲ್ಲ. 1994ರಲ್ಲಿ ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆರಿ ಯಾಂಗ್, ಡೇವಿಡ್ ಫಿಲೋ ಎಂಬ ಇಬ್ಬರು ವಿದ್ಯಾರ್ಥಿಗಳು, ತಮಗೆ ಮೆಚ್ಚುಗೆಯಾದ ಜಾಲತಾಣಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಒಂದು ಪಟ್ಟಿಯನ್ನು ಮಾಡತೊಡಗಿದರು. ಅದೇ ಯಾಹೂ. ಮರುವರ್ಷ ಅದು ಕಂಪೆನಿಯಾಯಿತು. ಆಗ ಅಲ್ಲಿ ಸೇರಿದವರಲ್ಲಿ ಶ್ರೀನಿಜ ಶ್ರೀನಿವಾಸನ್ ಎಂಬ ಭಾರತೀಯ ಮೂಲದ ಮಹಿಳೆಯೊಬ್ಬರಿದ್ದರು. ಪಟ್ಟಿಯ ವಿಭಾಗ ಉಪವಿಭಾಗಗಳ ವ್ಯವಸ್ಥೆಯ ಭಾರವು ಬಹುಕಾಲ ಅವರ ಮೇಲಿದ್ದಿತು. ಯಾವುದನ್ನು ಎಲ್ಲಿ ಇಡತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬುದನ್ನು ಅಲ್ಲಿ ಮನುಷ್ಯರೇ ನೋಡಿ ತೀರ್ಮಾನಿಸುತ್ತಿದ್ದರು. ಜನರು ಆ ಪಟ್ಟಿಯನ್ನು ನಂಬಿದುದು ಈ ಕಾರಣದಿಂದಲೇ.

ಕ್ರಮೇಣ ವ್ಯಾಪಾರಸ್ಥರ ತಾಣಗಳಿಗೆ ಯಾಹೂ ವರ್ಷಕ್ಕೆ 299 ಡಾಲರುಗಳ ಶುಲ್ಕವನ್ನು ಗೊತ್ತುಮಾಡಿತು. ಇಲ್ಲೊಂದು ಸೂಕ್ಷ್ಮವುಂಟು. ಮೊದಲು ತೆರಬೇಕಾದ ಹಣವು ತಾಣವನ್ನು ಪರಿಶೀಲಿಸಿ ನೋಡುವುದಕ್ಕೆ ಮಾತ್ರವೇ ಹೊರತು ಸೇರಿಸಿಯೇ ತೀರುವೆವೆಂಬ ವಾಗ್ದಾನಕ್ಕಲ್ಲ. ತಾಣವು ತಿರಸ್ಕೃತವಾದರೂ ಹಣವು ಹಿಂದಕ್ಕೆ ಬರುತ್ತಿರಲಿಲ್ಲ. ಕೊಟ್ಟವನಿಗೆ ಇದು ಅನ್ಯಾಯವೆಂದು ತೋರಬಹುದು. ನಮಗಾದರೋ, ಹಣವನ್ನು ಪಡೆದೂ ಗೆರೆಯನ್ನು ಉಳಿಸಿಕೊಳ್ಳಲು ಮಾಡಿದ ಒಂದು ಪ್ರಾಮಾಣಿಕ ಪ್ರಯತ್ನವಾಗಿಯೇ ಕಾಣುತ್ತದೆ.

ಹಣವನ್ನೇ ಮುಟ್ಟದೆ ಈ ಕಾರ್ಯವನ್ನು ನಡೆಯಿಸುವೆವೆಂದು ಹೊರಟವರೂ ಇದ್ದರು. 1998ರಲ್ಲಿ ರಿಚ್ ಸ್ಕ್ರೆಂಟಾ, ಬಾಬ್ ಟ್ರೂಯೆಲ್ ಎಂಬವರು ಆರಂಭಿಸಿದ, ಅದೇ ವರ್ಷ ನೆಟ್‌ಸ್ಕೇಪ್ ಕಂಪೆನಿಯ ವಶವಾದ ಓಪನ್ ಡೈರೆಕ್ಟರಿಯನ್ನು ವೇತನವಿಲ್ಲದ ಸ್ವಯಂಸೇವಕರೇ ಬೆಳೆಯಿಸಿದರು. ಅವರ ಒಟ್ಟು ಸಂಖ್ಯೆ 90,000ವನ್ನು ಮೀರಿದ್ದಿತು. ಪಟ್ಟಿಯಲ್ಲಿ 38 ಲಕ್ಷಕ್ಕೂ ಮೇಲ್ಪಟ್ಟ ತಾಣಗಳೂ, 10 ಲಕ್ಷ ವಿಭಾಗಗಳೂ ಇದ್ದುವು. ಆದರೆ ಸಂಬಳವಿಲ್ಲದ ಕೆಲಸಕ್ಕೆ ಕಾಲನಿಯಮವಿಲ್ಲವಷ್ಟೆ. ಸೇರಿಸಿಕೊಳ್ಳಿರೆಂದು ಬಂದ ಅರ್ಜಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿದ್ದಿರುತ್ತಿದ್ದುವು. ಅಷ್ಟರಲ್ಲಿ ಗೂಗಲ್ ಬಂದು, ಯಾವ ತಾಣವನ್ನು ಬೇರೆ ಎಷ್ಟು ತಾಣಗಳು, ಎಂತಹ ತಾಣಗಳು ನಿರ್ದೇಶಿಸುತ್ತವೆ ಎಂಬುದನ್ನು ಯಂತ್ರದಿಂದಲೇ ಎಣಿಸಿ ಯೋಗ್ಯತೆಯನ್ನು ಅಳೆಯತೊಡಗಿತು. ಯಾಹೂ ಡೈರೆಕ್ಟರಿಯು 2014ರ ಡಿಸೆಂಬರಿನಲ್ಲಿ ಮುಚ್ಚಿತು. ಓಪನ್ ಡೈರೆಕ್ಟರಿಯು 2017ರ ಮಾರ್ಚಿಯಲ್ಲಿ.

ಇವೆರಡರ ನಡುವೆ ನಡೆದ ಒಂದು ವ್ಯಾಪಾರದ ಕಥೆಯನ್ನು ನಮ್ಮ ತರುಣರು ವಿಶೇಷವಾಗಿ ಗಮನಿಸಬೇಕು. ಡೈರೆಕ್ಟರಿ ನಿರ್ಮಿಸುವ ಸಿದ್ಧ ಸಾಫ್ಟ್‌ವೇರು ಅಲ್ಪ ಬೆಲೆಗೆ ದೊರೆಯತೊಡಗಿದಾಗ ಕಂಡಕಂಡವರೆಲ್ಲರೂ ಡೈರೆಕ್ಟರಿಗಳನ್ನು ತೆರೆದರು. ಓದುಗನು ಒಬ್ಬನೂ ಇಲ್ಲದ ಪಟ್ಟಿಗಳವು. ಗೂಗಲಿನ ಎಣಿಕೆಯಲ್ಲಿ ಮೇಲೇರಬೇಕೆಂಬವರು ಹಣ ತೆತ್ತು ತಮ್ಮ ತಾಣದ ಹೆಸರನ್ನು ಅವುಗಳಲ್ಲಿ ಬರೆಯಿಸುತ್ತಿದ್ದರು. ಪಟ್ಟಿಯವನು ಒಳಗೇನಿದೆಯೆಂದು ನೋಡದೆ ಬರೆದುಕೊಳ್ಳುತ್ತಿದ್ದನು. 2012ರ ಏಪ್ರಿಲಿನಲ್ಲಿ ಗೂಗಲು ತನ್ನ ಎಣಿಕೆಯ ಕ್ರಮವನ್ನು ಬದಲಾಯಿಸಿ, ಇಂತಹ ಕೊಂಡ ಶಿಫಾರಸುಗಳನ್ನು ಆಶ್ರಯಿಸಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. ಹಣ ಕೊಟ್ಟು ಹೆಸರು ಬರೆಯಿಸಿದ್ದವರೇ ‘ನಮ್ಮ ಹೆಸರನ್ನು ದಯವಿಟ್ಟು ತೆಗೆಯಿರಿ’ ಎಂದು ಪತ್ರ ಬರೆಯುವ ಕಾಲ ಬಂದಿತು! ಪಟ್ಟಿಗಳು ಬಿದ್ದುವು, ಕೊಳ್ಳುವವರಿಲ್ಲದೆ ಸಾಫ್ಟ್‌ವೇರ್ ಮಾರುವವರ ಗಿರಾಕಿಯೂ ಕುಗ್ಗಿದನು.

ನಮ್ಮ ದೇಶದಲ್ಲಿಯೂ ಈ ಉದ್ಯಮವು ಹೊಸದಲ್ಲ. ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಸಂಸ್ಥೆಯು ಖೋಜ್ ಎಂಬ ಭಾರತೀಯ ತಾಣಗಳ ಪಟ್ಟಿಯನ್ನು ನಡೆಯಿಸುತ್ತಿದ್ದಿತು. ಆ ಸಂಸ್ಥೆಯನ್ನು 1999ರಲ್ಲಿ ಸತ್ಯಂ ಇನ್ಫೋವೇ 499 ಕೋಟಿ ರೂಪಾಯಿಗಳಿಗೆ ಕೊಂಡಾಗ ದೇಶವೇ ಮೂಗಿನ ಮೇಲೆ ಬೆರಳಿಟ್ಟಿತು. ವಿ. ಎಸ್. ಎಸ್. ಮಣಿಯವರು 1996ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಜಸ್ಟ್ ಡಯಲ್ ಮೊದಲು ಟೆಲಿಫೋನಿನಲ್ಲೇ ವಿಳಾಸ ಹೇಳುತ್ತಿದ್ದಿತು. ಜಾಲತಾಣವು ಅದಕ್ಕೆ ಅನಂತರ ಬಂದುದು. 2021ರಲ್ಲಿ ರಿಲಯನ್ಸ್ ರೀಟೇಲಿನವರು ಅದರ ಬಹುಪಾಲಿನ ಒಡೆತನವನ್ನು ಪಡೆದರು. ಯಂತ್ರದ ಹುಡುಕಾಟದ ಕಾಲದಲ್ಲಿಯೂ ಒಂದು ವಿಳಾಸಪಟ್ಟಿಗೆ ಇಷ್ಟು ಬೆಲೆಯುಂಟಾದುದೇಕೆ? ಊರೂರಿನ ಕೊಳಾಯಿ ರಿಪೇರಿಯವನು, ಹೊಲಿಗೆಯವನು, ಶಾಮಿಯಾನದವನು ತನ್ನ ಸ್ವಂತ ಜಾಲತಾಣವನ್ನು ಇಟ್ಟುಕೊಂಡವನಲ್ಲ. ಯಾರಾದರೂ ಹೋಗಿ ಕೇಳಿ ಬರೆದುಕೊಳ್ಳದ ಹೊರತು ಅವನ ಹೆಸರು ಯಾವ ಯಂತ್ರಕ್ಕೂ ತಿಳಿಯುವಂತಿಲ್ಲ.

ಸಾಫ್ಟ್‌ವೇರಿನ ವಿಚಾರವಾಗಿ ಆ ತರುಣರು ನಮಗೆ ಬಹಳ ಹೊತ್ತು ವಿವರಿಸಿದರು. ವಿಭಾಗಗಳ ವೃಕ್ಷ, ಅದರ ಕೊಂಬೆಗಳಲ್ಲಿ ಒಂದೊಂದು ಅಂಗಡಿಯ ದಾಖಲೆ, ಬಂದ ಅರ್ಜಿಗಳು ಪರಿಶೀಲಕನಿಗಾಗಿ ಕಾಯುವ ಸಾಲು, ಸತ್ತ ಕೊಂಡಿಗಳನ್ನು ತಾನೇ ರಾತ್ರಿ ಹೊತ್ತು ತಟ್ಟಿನೋಡುವ ಏರ್ಪಾಡು, ಎಲ್ಲವೂ ಚೆನ್ನಾಗಿದ್ದುವು. ‘ಶಿವಮೊಗ್ಗ’ ಎಂದು ಹುಡುಕಿದಾಗ ಏನೂ ಬರಲಿಲ್ಲ. ದಾಖಲೆಗಳೆಲ್ಲವೂ ‘ಶಿಮೊಗ’ ಎಂದಿದ್ದುವು! 2014ರ ನವೆಂಬರ್ 1ರಂದು ನಮ್ಮ ಸರ್ಕಾರವು 12 ಪಟ್ಟಣಗಳ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕನುಗುಣವಾಗಿ ತಿದ್ದಿತಷ್ಟೆ. ಅಂಗಡಿಯ ಫಲಕಗಳೂ ರಶೀತಿ ಪುಸ್ತಕಗಳೂ ಇನ್ನೂ ಎಲ್ಲವೂ ತಿದ್ದಿಲ್ಲ. ಬೆಳಗಾವಿಯನ್ನು ಬೆಲ್ಗಾಂ ಎಂದು ಹುಡುಕುವವನಿಗೂ ಬಾಗಿಲು ತೆರೆಯಬೇಕು. ‘ಲಕ್ಷ್ಮಿ’ ಎಂಬ ಒಂದು ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ವಿಧವಾಗಿ ಬರೆಯುವವರು ನಾವು. ಪರದೇಶದ ಸಿದ್ಧ ಸಾಫ್ಟ್‌ವೇರುಗಳು ಇದನ್ನು ತಾವಾಗಿ ಬಲ್ಲವೆಂದು ನಂಬಲಾಗದು. ಬೇರೆ ಊರಿನವರಿಗೆ ಮಾರಬಹುದಾದ ಸರಕು ಯಾವುದಾದರೂ ಇದ್ದರೆ ಅದು ಈ ಜ್ಞಾನವೇ ಎಂದು ನಾವು ಅವರಿಗೆ ಹೇಳಿದೆವು.

ಹಣದ ಪ್ರಶ್ನೆ ಬಂದಾಗ ತರುಣರು ಉತ್ಸಾಹದಿಂದ, ಪ್ರತಿಯೊಂದು ವಿಭಾಗದಲ್ಲಿಯೂ ಮೊದಲನೆಯ ಸ್ಥಾನವನ್ನು ಹೆಚ್ಚು ಹಣ ಕೊಟ್ಟವರಿಗೆ ಮಾರುವುದಾಗಿ ತಿಳಿಸಿದರು. ಆಗ ನಮ್ಮ ಪಾಪವೊಂದನ್ನು ಅವರಿಗೆ ಹೇಳಬೇಕಾಯಿತು. ಸುಮಾರು ಹದಿನೈದು ವರ್ಷಗಳ ಹಿಂದೆ ದೀಪಾವಳಿಯ ಸಂಚಿಕೆಯೊಡನೆ ನಾವು ಊರಿನ ವಿಳಾಸಗಳ ಒಂದು ಕೈಹೊತ್ತಗೆಯನ್ನು ಹಂಚಿದ್ದೆವು. ‘ರಾತ್ರಿ ತೆರೆದಿರುವ ಔಷಧಿ ಅಂಗಡಿಗಳು’ ಎಂಬ ತಲೆಬರಹದ ಕೆಳಗೆ ದಪ್ಪಕ್ಷರದಲ್ಲಿ ಮೊದಲು ಬಂದ ಅಂಗಡಿಯು ಹಣ ಕೊಟ್ಟುದಾಗಿದ್ದಿತು. ಅದು ರಾತ್ರಿ ಒಂಬತ್ತಕ್ಕೇ ಬಾಗಿಲು ಹಾಕುತ್ತದೆಂಬುದನ್ನು ನಾವು ವಿಚಾರಿಸಲಿಲ್ಲ. ಒಂದು ಬೆಳಿಗ್ಗೆ ವಯಸ್ಸಾದವರೊಬ್ಬರು ಆ ಹೊತ್ತಗೆಯನ್ನು ಮಡಿಸಿ ಹಿಡಿದು ನಮ್ಮ ಕಚೇರಿಗೆ ಬಂದರು. ಹಿಂದಿನ ರಾತ್ರಿ ಉಬ್ಬಸದಿಂದ ಒದ್ದಾಡುತ್ತಿದ್ದ ಮನೆಯವರಿಗಾಗಿ ಅವರು ಊರಿನ ಆ ತುದಿಯವರೆಗೆ ನಡೆದು ಹೋಗಿ, ಬೀಗವನ್ನು ನೋಡಿ, ಮತ್ತೆ ಈ ತುದಿಗೆ ಬಂದಿದ್ದರು. ಮನೆಯವರು ಉಳಿದುಕೊಂಡರೆಂಬುದು ದೈವಾನುಗ್ರಹ. ಅವರು ಕೂಗಾಡಲಿಲ್ಲ. ‘ಪೇಪರಿನಲ್ಲಿ ಬಂದಿತ್ತಲ್ಲ ಎಂದು ಹೋದೆ’ ಎಂದಷ್ಟೇ ಹೇಳಿ ಹೊತ್ತಗೆಯನ್ನು ಮೇಜಿನ ಮೇಲಿಟ್ಟು ಹೋದರು.

ತರುಣರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪಟ್ಟಿಯನ್ನು ತಿದ್ದುವವರಿಗೆ ಸಂಬಳ ಎಲ್ಲಿಂದ ಕೊಡಲಿ, ಸಾರ್?” ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಹಣ ಕೊಟ್ಟವನನ್ನು ಜಾಹೀರಾತೆಂಬ ಹೆಸರಿನಿಂದಲೇ ಪ್ರತ್ಯೇಕವಾದ ಚೌಕದಲ್ಲಿ ಮೇಲಿಡಲಿ, ಅದರಲ್ಲಿ ತಪ್ಪಿಲ್ಲ. ನಾವೂ ಅದರಿಂದಲೇ ಬದುಕಿರುವವರು. ಆದರೆ ಪಟ್ಟಿಯೊಳಗಿನ ಕ್ರಮವನ್ನು ಮಾರಕೂಡದು. ಸಾಫ್ಟ್‌ವೇರನ್ನು ಒಮ್ಮೆಗೇ ಮಾರದೆ ವರ್ಷಕ್ಕಿಷ್ಟೆಂದು ಬಾಡಿಗೆಗೆ ಕೊಟ್ಟರೆ ಆದಾಯವು ನಿಂತ ನೀರಾಗುವುದಿಲ್ಲ. ಕೆಲಸದ ವ್ಯಾಪ್ತಿಯೂ ಚಿಕ್ಕದಿರಲಿ. ಇಡೀ ರಾಜ್ಯವನ್ನು ಬಲೆಗೆ ಹಾಕಿಕೊಳ್ಳುವ ಬದಲು ಒಂದು ತಾಲ್ಲೂಕಿನ ವಿಳಾಸಗಳನ್ನು ಮೂರು ತಿಂಗಳಿಗೊಮ್ಮೆ ಫೋನು ಮಾಡಿ ಖಚಿತಪಡಿಸಿಕೊಂಡು, ವಿಚಾರಿಸಿದ ದಿನಾಂಕವನ್ನು ಪ್ರತಿಯೊಂದು ಹೆಸರಿನ ಕೆಳಗೂ ಕಾಣಿಸಿದರೆ, ಅಂತಹ ಪಟ್ಟಿಯನ್ನು ಜನರು ಮನೆಮನೆಯಲ್ಲಿಯೂ ಇಟ್ಟುಕೊಂಡಾರು.

ಎಲ್ಲವನ್ನೂ ಅವರು ಒಪ್ಪಿದರೆಂದು ಹೇಳಲಾರೆವು. ಮೊದಲ ಸ್ಥಾನದ ಮಾರಾಟವನ್ನು ಪೂರ್ತಿಯಾಗಿ ಕೈಬಿಟ್ಟರೆ ಮೊದಲ ವರ್ಷವೇ ನಷ್ಟವೆಂದು ಲೆಕ್ಕ ತೋರಿಸಿದರು. ಆ ಲೆಕ್ಕದಲ್ಲಿ ನಮಗೆ ತಪ್ಪು ಕಾಣಲಿಲ್ಲ. ಮರುದಿನ ಸಂಜೆ ಮತ್ತೆ ಬಂದು, ಔಷಧಿ ಅಂಗಡಿ, ರಕ್ತನಿಧಿ, ಆಂಬುಲೆನ್ಸ್ ಈ ಮೂರು ವಿಭಾಗಗಳಲ್ಲಿ ಮಾತ್ರ ಯಾರಿಂದಲೂ ಕಾಸು ಪಡೆಯುವುದಿಲ್ಲವೆಂದು ನಿಶ್ಚಯಿಸಿರುವುದಾಗಿ ತಿಳಿಸಿದರು. ರಾತ್ರಿ ಹನ್ನೊಂದರ ಮೇಲೆ ಆ ಎಲ್ಲ ನಂಬರುಗಳಿಗೂ ತಾವೇ ಫೋನು ಮಾಡತೊಡಗಿದ್ದಾರಂತೆ.